ಹಣೆ ಹತ್ತಿದ ಸರ್ಪಸುತ್ತು

ಕಲ್ಯ ಊರಿನ ಚಲುವಯ್ಯನಿಗೆ ಸರ್ಪಸುತ್ತು ಬಂತು. ಬಂದದ್ದೇನೋ ಬಂತು, ಸೊಂಟಕ್ಕೋ ಬೆನ್ನಿಗೋ ಬಂದಿದ್ದರೆ ಪಂಚೆ, ಅಂಗಿ ಸೇರಿ ಹೇಗೋ ಮಾನ ಕಾಪಾಡುತ್ತಿದ್ದವು. ಅದು ನೇರ ಹಣೆಯ ಮೇಲೆ ಹೋಗಿ ಕೂತಿತು.

ಕಾಯಿಲೆ ಬಂದರೆ ಮಾನ ಯಾಕೆ ಹೋಗಬೇಕು ಎಂದು ಕೇಳುವವರು ಚಲುವಯ್ಯ ಏನು ಮಾಡಿಕೊಂಡಿದ್ದ ಎಂಬುದನ್ನು ತಿಳಿಯಬೇಕು. ಅವನಿಗೆ ಒಂದು ಎಕರೆ ಹಿಪ್ಪುನೇರಳೆ ತೋಟವಿತ್ತು, ಎರಡು ಹಸುಗಳಿದ್ದವು. ಆದರೆ ಮಾಗಡಿ ಸೀಮೆಯಲ್ಲಿ ಅವನಿಗೆ ಹೆಸರು ತಂದದ್ದು ತೋಟವೂ ಅಲ್ಲ, ಹಸುವೂ ಅಲ್ಲ, ಕೆಮ್ಮಣ್ಣು. ಮೈಯ ಒಂದು ಪಕ್ಕಕ್ಕೆ ಉರಿ ಹತ್ತಿ, ಚರ್ಮ ಕೆಂಪಾಗಿ, ನೀರುಗುಳ್ಳೆಗಳು ಪಟ್ಟೆಯ ಹಾಗೆ ಸುತ್ತಿಕೊಂಡು ಬಂದರೆ ಅದು ಸರ್ಪಸುತ್ತು. ಸುತ್ತುತ್ತ ಸುತ್ತುತ್ತ ಸರ್ಪದ ಹೆಡೆಯೂ ಬಾಲವೂ ಒಂದಕ್ಕೊಂದು ತಾಕಿದರೆ ಆ ಮನುಷ್ಯನ ಕತೆ ಮುಗಿಯಿತು ಎಂದು ಸೀಮೆಯಲ್ಲೆಲ್ಲ ನಂಬಿದ್ದರು. ತಾಕದ ಹಾಗೆ ನೋಡಿಕೊಳ್ಳುವವನು ಚಲುವಯ್ಯ.

ಅವನ ಕ್ರಮವೇ ಬೇರೆ. ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ, ಹೆಡೆಗೂ ಬಾಲಕ್ಕೂ ನಡುವೆ ಉಳಿದ ಜಾಗವನ್ನು ಬೆರಳಿಟ್ಟು ಅಳೆಯುತ್ತಿದ್ದ. "ಎಂಟು ಬೆರಳು ಐತೆ. ನಾಳೆ ಬಂದಿದ್ರೆ ನಾನೇನೂ ಮಾಡಕ್ಕಾಗ್ತಿರ್ನಿಲ್ಲ" ಎನ್ನುತ್ತಿದ್ದ. ಬಂದವನ ಮುಖ ಬೆಳ್ಳಗಾಗುವುದನ್ನು ಒಂದು ಕ್ಷಣ ನೋಡಿ, ಕೆಮ್ಮಣ್ಣನ್ನು ಹಸುವಿನ ಹಾಲಲ್ಲಿ ಕಲಸಿ, ಹೊಂಗೆ ಕಡ್ಡಿ ಅದ್ದಿ, ಗುಳ್ಳೆಗಳ ಸುತ್ತ ಗೆರೆ ಎಳೆದು, ಉಳಿದ ಆ ಎಂಟು ಬೆರಳ ಜಾಗದಲ್ಲಿ ರೆಕ್ಕೆ ಬಿಚ್ಚಿದ ಗರುಡನನ್ನು ಬರೆಯುತ್ತಿದ್ದ. ಆಮೇಲೆ ಮೂರು ದಿನ ಅದಕ್ಕೆ ನೀರು ಸೋಕಬಾರದು. ದುಡ್ಡು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಅಷ್ಟೇ. ನಲವತ್ತು ವರ್ಷದಲ್ಲಿ ಒಂದೇ ಒಂದು ಸರ್ಪವೂ ಅವನ ಗರುಡನನ್ನು ದಾಟಿರಲಿಲ್ಲ. ಮಾಗಡಿ ರಂಗನಾಥನಿಗೆ ಕೈಮುಗಿಯುವಾಗ ಈ ಲೆಕ್ಕವನ್ನು ಅವನು ದೇವರಿಗೂ ಒಮ್ಮೆ ನೆನಪಿಸುತ್ತಿದ್ದ, ಪಕ್ಕದಲ್ಲಿ ನಿಂತವರಿಗೂ ಕೇಳಿಸುವ ಹಾಗೆ.

ಅಂಥವನಿಗೆ ಶನಿವಾರ ಬಲಗಡೆಯ ತಲೆ ಸೂಜಿ ಚುಚ್ಚಿದ ಹಾಗೆ ನೋಯತೊಡಗಿತು. ನೆಗಡಿ ಎಂದುಕೊಂಡ. ಸೋಮವಾರ ಬೆಳಿಗ್ಗೆ ಹೆಂಡತಿ ಶಿವಲಿಂಗಮ್ಮ ಕಾಫಿ ಲೋಟ ಕೊಡಲು ಬಂದವಳು ಹಾಗೇ ನಿಂತಳು.

"ಏನದು, ಹಣೆ ಮೇಲೆ?"

"ಸೊಳ್ಳೆ ಕಚ್ಚೈತೆ."

"ಸೊಳ್ಳೆ ಸಾಲಾಗಿ ಕೂತು ಪಂಕ್ತಿ ಊಟ ಮಾಡ್ತಾ?"

ಚಲುವಯ್ಯ ಕನ್ನಡಿ ನೋಡಿದ. ಬಲಹುಬ್ಬಿನಿಂದ ಕೂದಲೊಳಕ್ಕೆ ಗುಳ್ಳೆಗಳು ಹೊರಟಿದ್ದವು. ನೂರಾರು ಮೈ ನೋಡಿದ ಕಣ್ಣು ಅದು, ಗುರುತು ತಪ್ಪುವ ಹಾಗಿರಲಿಲ್ಲ. ಅವನು ಕನ್ನಡಿಯ ಮುಖವನ್ನು ಗೋಡೆಗೆ ತಿರುಗಿಸಿ ಮೊಳೆಗೆ ನೇತುಹಾಕಿದ.

ಶಿವಲಿಂಗಮ್ಮನಿಗೆ ಒಳಗೆ ಹೆದರಿಕೆ, ಬಾಯಲ್ಲಿ ಬೇರೆ. "ನಿಮ್ಮ ರಂಗಪ್ಪ ಸರ್ಪದ ಮೇಲೆ ಮಲಕ್ಕತ್ತಾನೆ. ನಮ್ಮಪ್ಪ ಶಿವ ಕತ್ತಿಗೆ ಸುತ್ಕತ್ತಾನೆ. ನೀನು ಇಬ್ರನ್ನೂ ಮೀರ್ಸಿ ಹಣೆ ಮೇಲೇ ಕೂರಿಸ್ಕಂಡಿದೀಯ. ಇನ್ನು ನಿನಗೊಂದು ಗುಡಿ ಕಟ್ಟೋದೊಂದು ಬಾಕಿ."

"ಬಾಯ್ ಮುಚ್ಚೇ. ಕೆಮ್ಮಣ್ಣು ಕಲಸು."

ಕಲಸಿದ್ದಾಯಿತು. ಆದರೆ ತನ್ನ ಹಣೆಗೆ ತಾನೇ ಬರೆಯುವುದು ಹೇಗೆ? ಕನ್ನಡಿಯಲ್ಲಿ ಬಲ ಎಡವಾಯಿತು, ಕಡ್ಡಿ ಹುಬ್ಬಿಗೆ ಹೋಗಬೇಕಾದದ್ದು ಕಿವಿಗೆ ಹೋಯಿತು. ಊರಲ್ಲಿ ಇನ್ನೊಬ್ಬರನ್ನು ಕರೆಯುವ ಹಾಗಿಲ್ಲ. ಸರ್ಪ ಓಡಿಸುವವನನ್ನೇ ಸರ್ಪ ಹತ್ತಿದೆ ಎಂದು ಗೊತ್ತಾದರೆ ನಾಳೆ ಅವನ ಪಡಸಾಲೆಗೆ ಯಾರು ಬಂದಾರು? ಕೊನೆಗೆ ಕಡ್ಡಿ ಶಿವಲಿಂಗಮ್ಮನ ಕೈಗೆ ಹೋಯಿತು. ಅವಳು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಭಕ್ತಿಯಿಂದ ಬರೆದಳು. ಹಣೆ ಮುಗಿಸಿ, ಉಳಿದ ಕೆಮ್ಮಣ್ಣು ದಂಡ ಆಗಬಾರದೆಂದು ರೆಪ್ಪೆಗೂ ಮೂಗಿಗೂ ಬಳಿದಳು.

ಮಂಗಳವಾರ ಬಲಗಣ್ಣಿನ ರೆಪ್ಪೆ ಊದಿತು. ಬುಧವಾರ ಬೆಳಿಗ್ಗೆ ಬೆಳಕು ನೋಡಿದರೆ ಕಣ್ಣಿಗೆ ಖಾರದಪುಡಿ ಎರಚಿದ ಹಾಗಾಗುತ್ತಿತ್ತು. ಶಿವಲಿಂಗಮ್ಮ ಬ್ಯಾಗು ಹಿಡಿದು ಹೊರಟು ನಿಂತಳು.

"ಏಳು. ಸೋಲೂರಿಗೆ ಹೋಗಾನ. ಅಲ್ಲೊಬ್ಳು ಡಾಕ್ಟ್ರಮ್ಮ ಅವ್ಳಂತೆ."

"ಮಾಗಡೀಲಿ ಡಾಕ್ಟ್ರು ಸತ್ತೋಗವ್ರಾ?"

"ಮಾಗಡೀಲಿ ನಿನ್ನ ಗರುಡ ಕೂರದೆ ಇರೋ ಬೆನ್ನೇ ಇಲ್ಲ. ಎಲ್ಲಾ ಗುರುತು ಹಿಡೀತಾರೆ, ನಡಿ."

ಬಿಸಿಲು ನೆತ್ತಿ ಸುಡುವ ಏಪ್ರಿಲ್ ತಿಂಗಳಲ್ಲಿ ಚಲುವಯ್ಯ ಮಂಕಿ ಟೋಪಿಯನ್ನು ಹುಬ್ಬಿನ ತನಕ ಎಳೆದು, ಮೂಗಿಗೆ ಟವೆಲು ಸುತ್ತಿ ಬಸ್ಸು ಹತ್ತಿದ. ಕಂಡಕ್ಟರು ಟಿಕೆಟ್ಟು ಹರಿಯುತ್ತ, "ಯಜಮಾನ್ರಿಗೆ ಕಾಶ್ಮೀರಕ್ಕಾ, ಸೋಲೂರಿಗಾ?" ಎಂದು ಕೇಳಿದ.

ಡಾಕ್ಟರ್ ನಾಹಿದಾ ಅವರ ಶಾಪು ಸೋಲೂರಿನ ಬಸ್ ನಿಲ್ದಾಣದ ಹತ್ತಿರ ಒಂದೇ ಕೋಣೆಯದು. ನಡುವೆ ಹಸಿರು ಪರದೆ, ಆಚೆ ಡಾಕ್ಟರು, ಈಚೆ ಬೆಂಚು. ಬೆಂಚಿನ ಮೇಲೆ ಆಗಲೇ ಒಬ್ಬ ಬಾಯಿಗೆ ಟವೆಲು ಒತ್ತಿಕೊಂಡು ಕೂತಿದ್ದ. ಒಂದು ಟವೆಲು ಇನ್ನೊಂದು ಟವೆಲನ್ನು ನೋಡಿತು.

"ಚಲುವಣ್ಣ ಅಲ್ವಾ?"

ದನಿ ಪಕ್ಕದೂರಿನ ಮುನಿರಾಮಯ್ಯನದು. ಎರಡು ವರ್ಷದ ಹಿಂದೆ ಸೊಂಟಕ್ಕೆ ಸರ್ಪಸುತ್ತು ಬಂದು, ಚಲುವಯ್ಯನ ಕೈಯಲ್ಲಿ ಗರುಡ ಬರೆಸಿಕೊಂಡು, ಮೂರು ದಿನ ನೀರು ಮುಟ್ಟದೆ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುವ ಹಾಗೆ ಮಾಡಿದ್ದವನು.

"ನೀನೇನ್ಲಾ ಇಲ್ಲಿ?" ಎಂದ ಚಲುವಯ್ಯ.

"ಹಲ್ಲಿ ಉಚ್ಚೆ ಹೊಯ್ದೈತೆ ಕಣಣ್ಣ, ತುಟಿ ಮೇಲೆ." ಮುನಿರಾಮಯ್ಯ ಟವೆಲು ಸರಿಸಿ ತುಟಿಯಂಚಿನ ಗುಳ್ಳೆಗೊಂಚಲು ತೋರಿಸಿದ. "ಊರಲ್ಲಿ ತಲೆ ಎತ್ತಂಗಿಲ್ಲ. ಯಾವ ಹಲ್ಲಿಗೆ ಮುತ್ತು ಕೊಟ್ಟೆ ಅಂತವ್ರೆ. ಅದ್ಕೇ ದೂರ ಬಂದೆ. ನಿಂದೇನು?"

"ನೆಗಡಿ."

ಅಷ್ಟರಲ್ಲಿ ಡಾಕ್ಟರು ಪರದೆ ಸರಿಸಿ, ಊದಿದ ಕಣ್ಣು ಕಂಡು ಚಲುವಯ್ಯನನ್ನೇ ಮೊದಲು ಒಳಗೆ ಕರೆದರು. ಮೂವತ್ತು ದಾಟಿರದ ಹೆಣ್ಣುಮಗಳು, ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ತಾಜ್ ಪಾಷಾ ಅವರ ಮಗಳು. ಟವೆಲು ಬಿಚ್ಚಿ, ಟೋಪಿ ತೆಗೆದು, ಅವಳು ಹಿಂದಕ್ಕೆ ಒರಗಿ ನೋಡಿದಳು.

"ಯಜಮಾನ್ರೇ, ಇದು ಕೋಳಿನಾ?"

"ಗರುಡ, ತಾಯಿ."

"ನಾನೇ ಬರ್ದಿದ್ದು," ಎಂದಳು ಶಿವಲಿಂಗಮ್ಮ. "ನಮ್ಮನೇಲಿ ಕೋಳಿ ಸಾಕಿದೀವಿ. ಗರುಡ ಸಾಕಿಲ್ಲ."

ಪರದೆಯ ಆಚೆ ಬೆಂಚು ಕಿರ್ ಎಂದಿತು. ಮುನಿರಾಮಯ್ಯ ಹತ್ತಿರಕ್ಕೆ ಜರುಗಿದ್ದ.

ನಾಹಿದಾ ಕೈಗವಸು ಹಾಕಿಕೊಂಡಳು. "ಈ ಮಣ್ಣೆಲ್ಲ ತೊಳೀಬೇಕು. ಮೂಗಿನ ತುದಿ, ಕಣ್ಣಿನ ರೆಪ್ಪೆ ನಾನು ಸರಿಯಾಗಿ ನೋಡ್ಬೇಕು. ಹೊರಗೆ ನಲ್ಲಿ ಇದೆ."

"ಆಗಕ್ಕಿಲ್ಲ ತಾಯಿ. ನಾಳೆ ಬೆಳಿಗ್ಗೆಗೆ ಮೂರು ದಿನ ತುಂಬ್ತದೆ. ಅಲ್ಲಿಗಂಟ ನೀರು ಸೋಕಂಗಿಲ್ಲ."

"ನಿಮ್ಮ ಗರುಡನಿಗೂ ಮೂರು ದಿನ, ನನ್ನ ಮಾತ್ರೆಗೂ ಮೂರು ದಿನ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಇದು ಮುಖಕ್ಕೆ ಬಂದಿದೆ, ಕಣ್ಣಿಗೆ ಇಳಿಯೋ ಜಾಗ. ಯಜಮಾನ್ರೇ, ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಬಂದಿತ್ತಾ? ಮೈ ತುಂಬ ನೀರುಗುಳ್ಳೆ?"

"ಬಂದಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗ್ಸಿ, ಮೊಸರನ್ನ ಎಡೆ ಇಟ್ಟು, ತಂಪು ಮಾಡಿ ಕಳಿಸ್ಕೊಟ್ರು."

"ಕಳಿಸ್ಕೊಟ್ಟಿಲ್ಲ. ಮೊಸರನ್ನ ತಿಂದು ಒಳಗೇ ಉಳ್ಕೊಂಡಿದೆ."

ಚಲುವಯ್ಯ ಕೈಮುಗಿಯಲೋ ಸಿಟ್ಟಾಗಲೋ ತಿಳಿಯದೆ ಕೂತ. ನಾಹಿದಾ ಹೇಳಿದಳು: ಅಮ್ಮ ಅನ್ನುವ ಆ ಕಾಯಿಲೆಯನ್ನು ತರುವುದು ಒಂದು ವೈರಸ್ಸು. ಮೈ ಮೇಲಿನ ಗುಳ್ಳೆ ಒಣಗುತ್ತವೆ, ವೈರಸ್ಸು ಹೋಗುವುದಿಲ್ಲ. ನರದ ಬುಡದಲ್ಲಿ ಸೇರಿಕೊಂಡು, ಊಟವಿಲ್ಲ ತಿಂಡಿಯಿಲ್ಲ, ಅಲ್ಲಾಡದೆ ಬಿದ್ದಿರುತ್ತದೆ.

"ಹುಳ ಜ್ವರಕ್ಕೆ ಕೂತಂಗೆ," ಎಂದ ಚಲುವಯ್ಯ. ತೋಟದವನು, ರೇಷ್ಮೆ ಹುಳ ಮೇವು ಬಿಟ್ಟು ತಲೆ ಎತ್ತಿಕೊಂಡು ಕದಲದೆ ಕೂರುವುದನ್ನು, ಆಮೇಲೆ ಪೊರೆ ಬಿಟ್ಟು ಎದ್ದು ರಾಕ್ಷಸನ ಹಾಗೆ ಮೇಯುವುದನ್ನು ಬಲ್ಲವನು.

"ಹಾಗೇನೇ. ಹುಳ ಒಂದೆರಡು ದಿನಕ್ಕೆ ಏಳುತ್ತೆ, ಇದು ಐವತ್ತು ವರ್ಷ ಬೇಕಾದ್ರೂ ಕೂರುತ್ತೆ. ವಯಸ್ಸಾಗಿ, ಮೈಯಲ್ಲಿ ಶಕ್ತಿ ಕಡಿಮೆ ಆದಾಗ ಎದ್ದು, ಆ ಒಂದು ನರ ಹಿಡ್ಕೊಂಡು ಚರ್ಮಕ್ಕೆ ಬರುತ್ತೆ. ನೀವು ಸರ್ಪ ಅನ್ನೋದು ಅದನ್ನೇ."

ಪರದೆಯ ಆಚೆಯಿಂದ ದನಿ ಬಂತು. "ಹಂಗಾರೆ ಡಾಕ್ಟ್ರಮ್ಮ, ಸರ್ಪದ ಶಾಪ ಅಲ್ವಾ? ನಾನು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ತಲೆ ಬೋಳಿಸ್ಕಂಡು ಬಂದ್ನಲ್ಲ!"

"ಹೋಗಿದ್ದು ಒಳ್ಳೇದೇ ಬಿಡಿ, ದೇವರು ಬೇಡ ಅಂತಾನಾ? ನಿಮ್ಮ ಬಾಯಿಗೆ ಏನಾಗಿದೆ?"

"ಹಲ್ಲಿ ಉಚ್ಚೆ." ಪರದೆಯ ಸಂದಿಯಿಂದ ಒಂದು ತುಟಿ ಒಳಗೆ ಬಂತು.

"ಹಲ್ಲಿದೇನೂ ತಪ್ಪಿಲ್ಲ. ನಿಮ್ಮದೂ ಇವರದೂ ಒಂದೇ ಮನೆತನದ ವೈರಸ್ಸು. ಹರ್ಪಿಸ್ ಅಂತ ಮನೆತನದ ಹೆಸರು. ಅದರಲ್ಲಿ ಒಬ್ಬ ತುಟಿಗೆ ಬರ್ತಾನೆ, ಇನ್ನೊಬ್ಬ ಸೊಂಟದ ಕೆಳಗೆ ಬರ್ತಾನೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಮತ್ತೊಬ್ಬ ಮಕ್ಕಳಿಗೆ ಅಮ್ಮ, ಮುದುಕರಿಗೆ ಸರ್ಪ. ಯಾರೇ ಆಗ್ಲಿ, ಒಂದು ಸಲ ಮೈಯೊಳಗೆ ಬಂದ್ರೆ ಬಿಟ್ಟು ಹೋಗೋ ಜಾಯಮಾನ ಅಲ್ಲ."

"ಅಂದ್ರೆ ನಾನೂ ಚಲುವಣ್ಣಾನೂ ಈಗ ನೆಂಟ್ರಾ?" ತುಟಿ ಖುಷಿಯಿಂದ ಕೇಳಿತು. "ಪಾಪ, ಹಲ್ಲೀಗೆ ಸುಮ್ಕೆ ಹೊಡೆದೆ ಕಣ್ರೀ, ಪೊರಕೇಲಿ."

ಚಲುವಯ್ಯನಿಗೆ ಇದು ಯಾವುದೂ ನಗುವಂಥದ್ದಾಗಿ ಕಾಣಲಿಲ್ಲ. "ಏನಾರ ಹೇಳಮ್ಮ," ಎಂದ, "ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದಾದ್ರೂ ಹೆಡೆ ಬಾಲ ಕೂಡಿಲ್ಲ. ಒಂದಾದ್ರೂ!"

ನಾಹಿದಾ ಮೇಜಿನ ಮೇಲಿದ್ದ ಸಣ್ಣ ಕನ್ನಡಿ ಎತ್ತಿ ಅವನ ಮುಂದೆ ಹಿಡಿದಳು. "ನೋಡಿ. ಹಣೆಯ ಬಲಗಡೆ ತುಂಬ ಇದೆ. ನಡುವಿನಿಂದ ಎಡಕ್ಕೆ ಒಂದೂ ಇಲ್ಲ, ಮಧ್ಯಕ್ಕೆ ದಾರ ಹಿಡಿದು ಗೆರೆ ಹಾಕಿದ ಹಾಗೆ. ಬಲಗಡೆಯ ನರ ಬಲಕ್ಕೇ, ಎಡಗಡೆಯದು ಎಡಕ್ಕೇ. ಬೆನ್ನಲ್ಲಿ ಹೊರಟದ್ದು ಹೊಟ್ಟೆಯ ನಡುವಿಗೆ ಬಂದು ನಿಲ್ಲುತ್ತೆ. ಎಲ್ಲೋ ಅಪರೂಪಕ್ಕೆ ಎರಡೂ ಕಡೆ ಬಂದ್ರೂ, ಕೂಡಿದ್ದಕ್ಕೆ ಅಂತ ಯಾರೂ ಸಾಯಲ್ಲ. ನಿಮ್ಮ ಕೈಲಿ ಅಂತಲ್ಲ ಯಜಮಾನ್ರೇ, ಯಾರ ಕೈಲೂ ಕೂಡಲ್ಲ."

"ಗರುಡ ಬರೀದೆ ಇದ್ರೂ?"

"ಕೋಳಿ ಬರೆದ್ರೂ."

ಪರದೆಯ ಆಚೆಯಿಂದ, ತುಂಬ ನೊಂದ ದನಿಯಲ್ಲಿ: "ಚಲುವಣ್ಣ. ಎಂಟು ಬೆರಳು ಅಂದಿದ್ಯಲ್ಲಣ್ಣ. ನಾನು ಅವತ್ತು ಹೊಲ ಯಾರ ಹೆಸರಿಗೆ ಬರೀಬೇಕು ಅಂತ ಹೆಂಡ್ರಿಗೆ ಹೇಳ್ಬುಟ್ಟಿದ್ದೆ."

ಚಲುವಯ್ಯ ನಲವತ್ತು ವರ್ಷ ತಾನು ಬಾಗಿಲು ಕಾದಿದ್ದೇನೆ ಎಂದುಕೊಂಡಿದ್ದ. ಅಲ್ಲಿ ಬಾಗಿಲೇ ಇರಲಿಲ್ಲವಂತೆ, ಗೋಡೆ ಇತ್ತಂತೆ. ಆ ಗೋಡೆ ಕಟ್ಟಿದವನು ರಂಗನಾಥನೇ ಇರಬೇಕು, ಆದರೆ ಅಷ್ಟು ವರ್ಷ ಎದುರಿಗೆ ನಿಂತು ಕೊಚ್ಚಿಕೊಂಡರೂ ಆ ಪುಣ್ಯಾತ್ಮ ಒಂದು ಮಾತು ಬಿಟ್ಟುಕೊಡಲಿಲ್ಲ! ಮಲಗಿದ್ದವನು ಮಲಗಿಯೇ ಇದ್ದ.

"ತೊಳೀತೀರಾ?" ಎಂದಳು ನಾಹಿದಾ.

ನಲ್ಲಿ ಇದ್ದದ್ದು ಬೆಂಚಿನ ಎದುರಿಗೆ. ತೊಳೆದರೆ ಮುನಿರಾಮಯ್ಯನ ಕಣ್ಣ ಮುಂದೆಯೇ ತೊಳೆಯಬೇಕು. ಸಂಜೆಗೆ ಹತ್ತು ಊರಿಗೆ ಸುದ್ದಿ. ಚಲುವಯ್ಯ ಟೋಪಿಯನ್ನು ಕೈಯಲ್ಲಿ ತಿರುವುತ್ತ ಕೂತ.

"ತಾಯಿ, ಒಂದು ಮಾತು. ಕಣ್ಣಿಗೆ ಇಳಿದ್ರೆ ಏನಾಯ್ತದೆ? ಬೆಳ್ಳಗಾಯ್ತದಾ, ಹಾಲಿನ ಹನಿ ಬಿದ್ದಂಗೆ?"

"ಆಗಬಹುದು. ನೋಡಿದ್ದೀರಾ?"

ನೋಡಿದ್ದ. ಮಾಗಡಿಯಲ್ಲಿ ರೇಷ್ಮೆ ನೂಲು ತೆಗೆಸುವ ಪೀರ್ ಸಾಬ್. ಎಂಟು ವರ್ಷದ ಹಿಂದೆ ಅವರಿಗೂ ಹೀಗೇ ಹಣೆಗೆ ಬಂದಿತ್ತು. ಚಲುವಯ್ಯ ಬೆರಳಿಟ್ಟು ಅಳೆದಿದ್ದ, ಬರೆದಿದ್ದ, ಮೂರು ದಿನ ನೀರು ಬೇಡ ಎಂದಿದ್ದ. ಅವರ ಮಗ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದಾಗ, ಮೂರು ದಿನ ತಡಿ ಎಂದು ನಿಲ್ಲಿಸಿದ್ದ. ಎಡಗಣ್ಣು ಹೋಯಿತು. ಅಂದಿನಿಂದ ಪ್ರತಿ ವರ್ಷ ಪೀರ್ ಸಾಬರು ಒಂದು ಹಲಸಿನಹಣ್ಣು ಹೊತ್ತುಕೊಂಡು ಕಲ್ಯಕ್ಕೆ ಬರುತ್ತಾರೆ. ಕಣ್ಣು ಹೋದ್ರೆ ಹೋಗ್ಲಿ, ಪ್ರಾಣ ಉಳಿಸ್ದೆ ಕಣಪ್ಪಾ ಎನ್ನುತ್ತಾರೆ. ಚಲುವಯ್ಯ ಆ ಹಣ್ಣನ್ನು ಬಿಡಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು, ಎಂಟು ವರ್ಷ ತಿಂದಿದ್ದ.

ಅವನು ಎದ್ದ. ಪರದೆ ಸರಿಸಿ, ಯಾರ ಮುಖವನ್ನೂ ನೋಡದೆ ನಲ್ಲಿಯ ಹತ್ತಿರ ಹೋಗಿ ಬಗ್ಗಿದ.

"ಅಣ್ಣ, ಮೂರು ದಿನ ಇನ್ನೂ ತುಂಬಿಲ್ವಲ್ಲ..." ಎಂದು ಮುನಿರಾಮಯ್ಯ ಗಾಬರಿಯಲ್ಲಿ ಎದ್ದು ನಿಂತ.

"ಮೂರು ದಿನಾನೂ ಇಲ್ಲ, ಮೂರು ಘಳಿಗೇನೂ ಇಲ್ಲ. ಮಗ್ ಎತ್ಕಂಡು ಒಸಿ ನೀರು ಹುಯ್ಯೋ. ಮೆತ್ತಗೆ! ನೋಯ್ತದೆ."

ಮುನಿರಾಮಯ್ಯ ಹುಯ್ದ. ಕೆಂಪು ನೀರು ಮೂಗಿನ ಮೇಲಿಂದ, ಗಡ್ಡದ ಮೇಲಿಂದ ಇಳಿದು ಚರಂಡಿಗೆ ಹೋಯಿತು. ಶಿವಲಿಂಗಮ್ಮ ಸೆರಗು ಒತ್ತಿ ಒತ್ತಿ ಒರೆಸಿದಳು. ನಾಹಿದಾ ಬೆಳಕು ಬಿಟ್ಟು ನೋಡಿದಳು. ಮಣ್ಣಿನ ಅಡಿಯಲ್ಲಿ, ಮೂಗಿನ ತುದಿಯಲ್ಲೇ ಎರಡು ಗುಳ್ಳೆಗಳು ಅಡಗಿದ್ದವು.

ಅವಳ ಮುಖದ ನಗು ಹೋಯಿತು. "ಮೂಗಿನ ತುದಿಗೆ ಬರೋ ನರಾನೇ ಕಣ್ಣಿನೊಳಕ್ಕೂ ಹೋಗೋದು. ಈಗಲೇ ಮಾತ್ರೆ ನುಂಗಿ. ದಿನಕ್ಕೆ ಐದು ಸಲ, ಒಂದೂ ತಪ್ಪೋಹಾಗಿಲ್ಲ. ಇಲ್ಲಿಂದ ಊರಿಗೆ ಹೋಗಬೇಡಿ, ನೇರ ಬೆಂಗಳೂರಿಗೆ ಹೋಗಿ, ಕಣ್ಣಾಸ್ಪತ್ರೆಗೆ ಚೀಟಿ ಬರ್ಕೊಡ್ತೀನಿ. ಅಮ್ಮ ಬರದೇ ಇರೋ ಮಕ್ಕಳು, ಬಸುರಿಯರು ಯಾರಾದ್ರೂ ಮನೆಯಲ್ಲಿದ್ರೆ ಗುಳ್ಳೆ ಒಣಗೋ ತನಕ ದೂರ ಇರಿ, ಅವರಿಗೆ ನಿಮ್ಮಿಂದ ಅಮ್ಮ ಹತ್ತಬಹುದು."

"ಕಣ್ಣು ಉಳೀತದಾ?"

"ಇವತ್ತು ಬಂದಿರಲ್ಲ, ಅದು ಒಳ್ಳೇದಾಯ್ತು. ಉಳಿದದ್ದು ಹೇಳೋಕಾಗಲ್ಲ."

ಬೆಂಗಳೂರಿನ ಬಸ್ಸಿಗೆ ಹತ್ತಿಸಲು ಮುನಿರಾಮಯ್ಯನೇ ಬಂದ. ಟವೆಲು ಸೊಂಟಕ್ಕೆ ಕಟ್ಟಿಕೊಂಡು, ತುಟಿಯ ಗುಳ್ಳೆಗಳನ್ನು ಊರಿಗೆಲ್ಲ ತೋರಿಸುತ್ತ ನಿಂತಿದ್ದ. ನಿರ್ದೋಷಿ ಹಲ್ಲಿಯ ವಿಚಾರವನ್ನು ಆಗಲೇ ಟೀ ಅಂಗಡಿಯವನಿಗೆ ಹೇಳಿ ಮುಗಿಸಿದ್ದ.

ಆಮೇಲಿನ ಆರು ವಾರ ಚಲುವಯ್ಯನಿಗೆ ನೋವು ಎಂದರೆ ಏನೆಂದು ಗೊತ್ತಾಯಿತು. ಗುಳ್ಳೆಗಳು ಒಣಗಿ ಉದುರಿದವು. ಚರ್ಮದೊಳಗಿನ ಉರಿ ಉಳಿಯಿತು. ದಿಂಬು ತಾಕಿದರೆ ಕೆಂಡ, ಗಾಳಿ ತಾಕಿದರೆ ಮುಳ್ಳು. ಕಣ್ಣಿಗೆ ಹನಿ ಬಿಟ್ಟು ಹತ್ತಿ ಇಟ್ಟು ಪಟ್ಟಿ ಕಟ್ಟಿದ್ದರು. ಪಟ್ಟಿ ಬಿಚ್ಚಿ ಹನಿ ಹಾಕುವಾಗಲೆಲ್ಲ ಮಂಜಿನೊಳಗೆ ದೀಪ ಇಟ್ಟ ಹಾಗೆ ಕಾಣುತ್ತಿತ್ತು, ಅಷ್ಟೇ. ಕೆಮ್ಮಣ್ಣು ಬರೆಸಲು ಬಂದವರನ್ನು ಶಿವಲಿಂಗಮ್ಮ ಹೊಸ್ತಿಲಲ್ಲೇ ನಿಲ್ಲಿಸಿ, "ಗುಳ್ಳೆ ಎದ್ದು ಎಷ್ಟು ದಿನ ಆಯ್ತು? ಸೋಲೂರು ಬಸ್ಸು ಒಂಬತ್ತಕ್ಕೆ" ಎಂದು ಕಳಿಸುತ್ತಿದ್ದಳು. ಬೈದುಕೊಂಡು ಹೋದವರೂ ಇದ್ದರು.

ಒಂದು ದಿನ ಅವನು ಮಾಗಡಿಗೆ ಹೋಗಿ ಪೀರ್ ಸಾಬರ ಎದುರು ಕೂತು ಎಲ್ಲ ಹೇಳಿದ. ಎಂಟು ಬೆರಳಿನದು, ಮೂರು ದಿನದ್ದು, ನಿಲ್ಲಿಸಿದ್ದು. ಒಳಗೆ ರಾಟೆ ತಿರುಗುವ ಸದ್ದು ಕೇಳುತ್ತಿತ್ತು. ಅವರು ಟೀ ತರಿಸಿ ಕೊಟ್ಟರು, ತಾವು ಕುಡಿಯಲಿಲ್ಲ. "ಹೋಗಿ ಬಾ" ಎಂದರು. ಆ ವರ್ಷ ಹಲಸಿನಹಣ್ಣು ಬರಲಿಲ್ಲ. ಬಾರದಿದ್ದದ್ದೇ ಸರಿ ಎಂದು ಚಲುವಯ್ಯನಿಗೆ ಅನ್ನಿಸಿತು.

ಏಳನೆಯ ವಾರ ಬೆಂಗಳೂರಿಗೆ ಕರೆದಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಶಿವಲಿಂಗಮ್ಮ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ಚಲುವಯ್ಯನಿಗೆ ಜೀವ ಹೆದರುತ್ತಿತ್ತು. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಎದುರು ಗೋಡೆಯ ಮೇಲೆ ದೀಪ ಹೊತ್ತಿಸಿದ ಅಕ್ಷರಗಳ ಹಲಗೆ. ಕಣ್ಣಿನ ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿ, ಒಳ್ಳೆಯ ಎಡಗಣ್ಣಿಗೆ ಒಂದು ಕಪ್ಪು ತಗಡು ಮುಚ್ಚಿದರು.

"ಅವಸರ ಬೇಡ. ನಿಧಾನಕ್ಕೆ ಹೇಳಿ. ಏನು ಕಾಣ್ತಾ ಇದೆ?"

ಮೊದಲು ಬರೀ ಬೆಳಕಿನ ಮುದ್ದೆ. ನೀರು ತುಂಬಿ ಬಂತು, ರೆಪ್ಪೆ ಬಡಿದ. ಮುದ್ದೆಗೆ ಅಂಚು ಬಂತು. ಇನ್ನೊಂದು ಸಲ ಬಡಿದ. ಹಲಗೆಯ ಮೇಲೆ ಕರಿ ಇರುವೆಗಳು ನಿಂತ ಹಾಗಾಯಿತು, ಆಮೇಲೆ ಇರುವೆಗಳಿಗೆ ಕಾಲು ಬಂದವು. ಅವನು ಅಲ್ಲಿಂದ ಕಣ್ಣು ಪಕ್ಕಕ್ಕೆ ಸರಿಸಿದ.

"ಹೇಳಿ ಯಜಮಾನ್ರೇ. ಮೇಲಿನ ಸಾಲು?"

"ಸಾಲು ಆಮೇಲೆ ಹೇಳ್ತೀನಿ ಸ್ವಾಮಿ. ಅದರ ಪಕ್ಕದಲ್ಲಿ ಒಬ್ಬಳು ನಿಂತವ್ಳೆ. ಹಸಿರು ಸೀರೆ. ಸೆರಗಲ್ಲಿ ಮೂಗು ಒರೆಸ್ಕಂಡು, ಯಾರಿಗೂ ಗೊತ್ತಾಗಬಾರದು ಅಂತ ಗೋಡೆ ಕಡೆ ತಿರುಗಿ ಅಳ್ತಾವ್ಳೆ."

"ಯಾರು ಅಳ್ತಾ ಇರೋದು?" ಶಿವಲಿಂಗಮ್ಮ ಗಕ್ಕನೆ ತಿರುಗಿದಳು. "ಇಲ್ದೇ ಇರೋದೆಲ್ಲ ಕಾಣ್ತದೆ! ನಿನ್ನ ಕಣ್ಣು ಇಂಗೋಗ!"

ಚೀಟಿ ಬರೆಯುತ್ತಿದ್ದ ಡಾಕ್ಟರು ಪೆನ್ನು ಎತ್ತಿ ಹಿಡಿದು ಅವಳನ್ನೇ ನೋಡಿದರು. ಶಿವಲಿಂಗಮ್ಮ ತಾನು ಆಡಿದ ಮಾತು ತನ್ನ ಕಿವಿಗೇ ಬಿದ್ದು, ನಾಲಿಗೆ ಕಚ್ಚಿಕೊಂಡಳು. ತಪ್ಪಾಯ್ತು ತಪ್ಪಾಯ್ತು ಎಂದು ಎರಡೂ ಕೆನ್ನೆ ಬಡಿದುಕೊಂಡಳು. ಆ ಕೋಣೆಯಲ್ಲಿ ರಂಗನಾಥನ ಪಟವೂ ಇರಲಿಲ್ಲ, ಶಿವನ ಪಟವೂ ಇರಲಿಲ್ಲ. ಒಂದು ಗಳಿಗೆ ಅತ್ತ ಇತ್ತ ಹುಡುಕಿ, ದೀಪ ಹೊತ್ತಿಸಿದ್ದ ಆ ಅಕ್ಷರದ ಹಲಗೆಗೇ ಭಕ್ತಿಯಿಂದ ಕೈಮುಗಿದಳು.